ಐರಿಸ್ ಆಂಟಿಯ ಗೋಡೆಯ ಮೇಲಿನ ಹಡಗು

ಸಿಡ್ನಿಗೆ ಬಂದ ಮೇಲೆ ಮೊದಲ ಎರಡು ವರ್ಷ ನಾವು ಬದುಕಿದ್ದು ಅರ್ಧ ಮನೆಯಲ್ಲಿ. ಈಸ್ಟ್‌ವುಡ್‌ನ ಇಳಿಜಾರು ಬೀದಿಯೊಂದರಲ್ಲಿದ್ದ ಕೆಂಪು ಇಟ್ಟಿಗೆಯ ಹಳೆಯ ಮನೆ ಅದು. ಹಿಂದಿನ ಎರಡು ಕೋಣೆ ನಮಗೆ, ಮುಂದಿನ ಎರಡು ಕೋಣೆ ಮನೆಯೊಡತಿ ಐರಿಸ್ ಆಂಟಿಗೆ. ನಡುವೆ ಹಗಲಲ್ಲೂ ದೀಪ ಬೇಕಾಗುತ್ತಿದ್ದ ಉದ್ದನೆಯ ಪ್ಯಾಸೇಜು, ಅದರ ಕೊನೆಯಲ್ಲಿ ಇಬ್ಬರಿಗೂ ಸೇರಿದ ಒಂದೇ ಅಡುಗೆಮನೆ. ಊರಿಗೆ ಹೊಸಬರಾದ ನಮಗೆ ಹಿಂದೆ ಬಾಡಿಗೆಗಿದ್ದ ಮನೆಯ ರೆಫರೆನ್ಸ್ ಇರಲಿಲ್ಲವಾದ್ದರಿಂದ ಯಾವ ಏಜೆಂಟನೂ ಮನೆ ಕೊಡಲಿಲ್ಲ. ಅಪ್ಪ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೋಗುವ ದಾರಿಯ ತರಕಾರಿ ಅಂಗಡಿಯ ಗಾಜಿನ ಮೇಲೆ ಕೈಬರಹದ ಚೀಟಿಯೊಂದನ್ನು ನೋಡಿದ: ಎರಡು ಕೋಣೆ, ಗಲಾಟೆಯಿಲ್ಲದ ಸಂಸಾರ ಬೇಕು. ನಾವು ಗಲಾಟೆಯಿಲ್ಲದ ಸಂಸಾರ ಎಂದು ಅಪ್ಪ ಹೇಳಿದ್ದನ್ನು ಐರಿಸ್ ಆಂಟಿ ನಂಬಿದರು. ಅಮ್ಮ ಮೊದಲ ಭಾನುವಾರವೇ ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯಲು ಶುರುಮಾಡಿದಾಗ, ಮಧ್ಯಾಹ್ನದ ನಿದ್ದೆಯಿಂದೆದ್ದು ಬಂದ ಅವರು ಬಾಗಿಲಲ್ಲಿ ನಿಂತು, ಯಾರಾದರೂ ಮನೆ ಕೆಡವುತ್ತಿದ್ದಾರಾ ಎಂದು ಕೇಳಿದರು.

ಅಮ್ಮ ದಾವಣಗೆರೆಯವಳು. ಮಾಂಸದ ವಾಸನೆಯೇ ಇಲ್ಲದ ಮನೆಯಲ್ಲಿ ಬೆಳೆದವಳು. ಐರಿಸ್ ಆಂಟಿ ವಾರಕ್ಕೆ ನಾಲ್ಕು ದಿನ ಕುರಿಯ ಚಾಪ್ಸ್ ಹುರಿಯುತ್ತಿದ್ದರು. ಒಲೆಯ ನಾಲ್ಕು ಉರಿಗಳಲ್ಲಿ ಎಡಗಡೆಯ ಎರಡು ನಮ್ಮವು, ಬಲಗಡೆಯ ಎರಡು ಅವರವು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಒಪ್ಪಂದವಾಯಿತು. ಆದರೆ ಹೊಗೆಗೆ ಎಡಬಲ ಗೊತ್ತಿಲ್ಲ. ಅಮ್ಮ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಸೂರಿನಲ್ಲಿದ್ದ ಅಲಾರ್ಮ್ ಕಿರುಚಿಕೊಳ್ಳುತ್ತಿತ್ತು. ಐರಿಸ್ ಆಂಟಿ ಪೊರಕೆಯ ಹಿಡಿಯಿಂದ ಅದರ ಬಾಯಿ ಮುಚ್ಚಿಸುತ್ತಿದ್ದರು. ಬೆಳಿಗ್ಗೆ ಅಮ್ಮ ನನ್ನ ಹಣೆಗೆ ಹಚ್ಚಿದ ವಿಭೂತಿಯನ್ನು, ನಾನು ಶಾಲೆಗೆ ಹೊರಡುವಾಗ ಬಾಗಿಲಲ್ಲಿ ಸಿಗುತ್ತಿದ್ದ ಅವರು ಸೀಮೆಸುಣ್ಣವೆಂದು ತಿಳಿದು ತಮ್ಮ ಕರವಸ್ತ್ರದಿಂದ ಒರೆಸಿಬಿಡುತ್ತಿದ್ದರು. ಇದು ಒಂದು ಟರ್ಮ್ ಪೂರ್ತಿ ನಡೆಯಿತು. ಅಮ್ಮನಿಗೆ ಹೇಳಿದರೆ ಜಗಳವಾದೀತೆಂದು ನಾನು ಹೇಳಲಿಲ್ಲ, ಆಂಟಿಗೆ ಹೇಳಿದರೆ ಬೇಜಾರಾದೀತೆಂದು ಅವರಿಗೂ ಹೇಳಲಿಲ್ಲ. ಎಂಟು ವರ್ಷದ ನಾನು ಆ ಮನೆಯಲ್ಲಿ ಮೊದಲು ಕಲಿತದ್ದು ಈ ಸುಮ್ಮನಿರುವ ವಿದ್ಯೆಯನ್ನೇ.

ಐರಿಸ್ ಆಂಟಿಗೆ ಆಗಲೇ ಎಂಬತ್ತು ದಾಟಿತ್ತು. ಕಣ್ಣಿನ ನಟ್ಟನಡುವೆ ಮಂಜು ಕಟ್ಟಿತ್ತು. ನೇರ ನೋಡಿದರೆ ಏನೂ ಕಾಣದು, ಓರೆಗಣ್ಣಿನಲ್ಲಿ ಅಂಚುಗಳು ಕಾಣುತ್ತವೆ ಅನ್ನುತ್ತಿದ್ದರು. ಹಾಗಾಗಿ ಅವರು ನಮ್ಮ ಜೊತೆ ಮಾತಾಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಇನ್ಯಾರಿಗೋ ಹೇಳುವವರಂತೆ ಮಾತಾಡುತ್ತಿದ್ದರು. ಶಾಲೆಯಿಂದ ಬಂದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸವಾಯಿತು. ಮೊದಲು ಸತ್ತವರ ಪಟ್ಟಿ, ಆಮೇಲೆ ಹವಾಮಾನ, ಆಮೇಲೆ ಅವರಿಗೆ ಬಂದ ಕಾಗದಗಳು. ಅವರು ಎರಡು ಬಿಸ್ಕತ್ತು ಕೊಡುತ್ತಿದ್ದರು. ಅವರು ಆಡಿದ್ದೆಲ್ಲ ಇಂಗ್ಲಿಷಾದರೂ ನನ್ನ ನೆನಪಿನಲ್ಲಿ ಆ ಮಾತುಗಳು ಯಾಕೋ ಕನ್ನಡವಾಗಿಯೇ ಕೂತಿವೆ.

ಪ್ಯಾಸೇಜಿನ ಗೋಡೆಯ ಮೇಲೆ ಎರಡು ಫೋಟೋಗಳಿದ್ದವು. ಒಂದರಲ್ಲಿ ಬಿಳಿ ಸಮವಸ್ತ್ರದ, ಕಿವಿ ಸ್ವಲ್ಪ ಅಗಲವಾದ ಯುವಕ. ಪಕ್ಕದ್ದರಲ್ಲಿ ಬೂದುಬಣ್ಣದ ಸಣ್ಣ ಯುದ್ಧನೌಕೆ. ಎರಡರ ಕೆಳಗೂ ಒಂದೇ ಹೆಸರು: ಕ್ರ್ಯಾಂಡ್ಲಿ. ಪ್ರತಿ ಭಾನುವಾರ ಐರಿಸ್ ಆಂಟಿ ವಿನಿಗರ್ ಮುಟ್ಟಿಸಿದ ಪೇಪರಿನಿಂದ ಆ ಎರಡು ಗಾಜುಗಳನ್ನೂ ಒರೆಸುತ್ತಿದ್ದರು. ಒಂದು ದಿನ ನಾನು ಇವರು ಯಾರು ಎಂದು ಕೇಳಿದೆ.

“ಇದು ವಾಲ್,” ಎಂದು ಯುವಕನನ್ನು ತೋರಿಸಿದರು. ಹಡಗಿನ ಗಾಜನ್ನು ಒರೆಸುತ್ತ, “ಇದೂ ವಾಲ್‌ನದೇ. ಅವಳು ತುಂಬಾ ಒಳ್ಳೆಯ ಹಡಗಾಗಿದ್ದಳು,” ಅಂದರು.

ನನಗೆ ಗೊಂದಲ ಶುರುವಾಗಿದ್ದು ಅಲ್ಲಿಂದ. ವಾಲ್ ಅಂದರೆ ವಾಲ್ಟರ್ ಎಂಬ ಹೆಸರಿನ ಮೊಟಕು ರೂಪ ಎಂದು ಗೊತ್ತಿಲ್ಲದ ನನಗೆ ಅದು ಗೋಡೆ ಅಂತಲೇ ಕೇಳಿಸಿತು. ಕನ್ನಡದಲ್ಲಿ ಹಡಗು ‘ಅದು’. ಐರಿಸ್ ಆಂಟಿಯ ಇಂಗ್ಲಿಷಿನಲ್ಲಿ ಹಡಗು ‘ಅವಳು’. ಹೆಸರು ಮಾತ್ರ ಅವನದು. ಅವನು ಯುದ್ಧದಲ್ಲಿ ಸತ್ತ, ಆಮೇಲೆ ಅವಳು ಹುಟ್ಟಿದಳು, ಅವಳು ಹತ್ತಾರು ಹಡಗುಗಳನ್ನು ಕಾಪಾಡಿದಳು, ಕೊನೆಗೆ ಅವಳನ್ನು ಒಡೆದು ಗುಜರಿಗೆ ಹಾಕಿದರು. ಸತ್ತ ಮನುಷ್ಯ ಹೆಂಗಸಾಗಿ, ಕಬ್ಬಿಣವಾಗಿ ಮತ್ತೆ ಹುಟ್ಟಿ ಬರುತ್ತಾನೆಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಅಜ್ಜಿ ಫೋನಿನಲ್ಲಿ ಹೇಳುತ್ತಿದ್ದ ಪುನರ್ಜನ್ಮದ ಮಾತಿಗೂ ಅದಕ್ಕೂ ಹೊಂದಿಕೆಯಾಗುತ್ತಿತ್ತು.

ನಿಜವನ್ನು ತಿಳಿದುಕೊಂಡದ್ದು ತುಣುಕು ತುಣುಕಾಗಿ. ವಾಲ್ ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನಿದ್ದ ಹಡಗು ರಿಪೇರಿಗೆಂದು ಸಿಡ್ನಿಗೆ ಬಂದು ಕೆಲವು ತಿಂಗಳು ನಿಂತಿತ್ತು. ಇದೇ ಮನೆಯಲ್ಲಿ ತಾಯಿಯೊಂದಿಗಿದ್ದ ಐರಿಸ್‌ಗೂ ಅವನಿಗೂ ಸ್ನೇಹವಾಯಿತು. ಯುದ್ಧ ಮುಗಿದ ಮೇಲೆ ಬಂದು ಮದುವೆಯಾಗುತ್ತೇನೆ ಎಂದು ಹೇಳಿ ಹೋದವನು ಸಾಲೊಮನ್ ದ್ವೀಪಗಳ ಹತ್ತಿರದ ಕಾಳಗದಲ್ಲಿ ಸತ್ತ. ಹೊಸದಾಗಿ ಕಟ್ಟುತ್ತಿದ್ದ ಬೆಂಗಾವಲು ನೌಕೆಗಳಿಗೆ ಹೀಗೆ ಸತ್ತ ಅಧಿಕಾರಿಗಳ ಹೆಸರಿಡುತ್ತಿದ್ದರು. ಹಾಗೆ ಒಂದು ನೌಕೆ ಕ್ರ್ಯಾಂಡ್ಲಿಯಾಯಿತು. ಐರಿಸ್ ಆಂಟಿ ಅದನ್ನು ಕಣ್ಣಾರೆ ನೋಡಿದವರಲ್ಲ. ವಾಲ್‌ನ ಗೆಳೆಯನೊಬ್ಬ ಕಳಿಸಿದ ಫೋಟೋ ಅಷ್ಟೆ. ಅವರು ಬೇರೆ ಮದುವೆಯಾಗಲಿಲ್ಲ.

“ಬೆಂಗಾವಲು ನೌಕೆ ಅಂದ್ರೆ ಏನು?” ಎಂದು ಕೇಳಿದ್ದೆ.

“ಕುರಿ ಕಾಯೋ ನಾಯಿ ನೋಡಿದ್ದೀಯಲ್ಲ, ಹಿಂಡಿನ ಸುತ್ತ ಓಡ್ತಾ ಇರತ್ತೆ. ಹಾಗೆ. ದೊಡ್ಡ ಹಡಗುಗಳು ನಿಧಾನಕ್ಕೆ ಹೋಗ್ತಿದ್ರೆ ಇವಳು ಸುತ್ತ ಓಡ್ತಾ ಕಾಯೋಳು. ತೋಳ ಇದ್ದದ್ದು ನೀರಿನ ಕೆಳಗೆ, ಅಷ್ಟೇ ವ್ಯತ್ಯಾಸ,” ಅಂದರು.

ಎರಡನೆಯ ವರ್ಷ ಅಪ್ಪನ ಕೆಲಸ ಹೋಯಿತು. ಬೇರೆ ಕೆಲಸ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ. ನನ್ನ ಶಾಲೆ ನಡುವೆ ಕೆಡುವುದು ಬೇಡವೆಂದು ಅಪ್ಪ ಒಬ್ಬನೇ ಹೋದ. ಎರಡು ವಾರಕ್ಕೊಮ್ಮೆ ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದ. ಅಪ್ಪ ಇಲ್ಲದ ದಿನಗಳಲ್ಲಿ ಅಮ್ಮ ಮತ್ತು ಐರಿಸ್ ಆಂಟಿ ತಮಗೇ ಗೊತ್ತಿಲ್ಲದಂತೆ ಹತ್ತಿರವಾದರು. ಅಮ್ಮ ಸಾರು ಮಾಡಿದರೆ ಮೆಣಸು ಕಡಿಮೆ ಹಾಕಿ ಒಂದು ಬಟ್ಟಲು ತೆಗೆದಿಡುತ್ತಿದ್ದಳು. ಆಂಟಿ ಚಾಪ್ಸ್ ಹುರಿಯುವ ಮೊದಲು ಹಿತ್ತಿಲ ಕಿಟಕಿ ತೆರೆಯುತ್ತಿದ್ದರು. ಅಮ್ಮನ ಇಂಗ್ಲಿಷು, ಅವರ ಕಿವಿ, ಎರಡೂ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಬಟಾಣಿ ಸುಲಿಯುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ ನನಗೆ ಈಗಲೂ ಸೋಜಿಗ.

ಒಂದು ಶನಿವಾರ ಅಪ್ಪ ಆಫೀಸಿನಲ್ಲಿ ತೆಗೆದ ಎರಡು ಪ್ರಿಂಟ್ ಹಾಳೆಗಳನ್ನು ನನ್ನ ಕೈಗಿತ್ತ. ಕ್ರ್ಯಾಂಡ್ಲಿ ಹಡಗಿನಲ್ಲಿ ಕೆಲಸ ಮಾಡಿದ್ದ ಮುದಿ ನಾವಿಕರು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದರಂತೆ.

“ಆಂಟಿಗೆ ಓದಿ ಹೇಳು, ಖುಷಿ ಪಡ್ತಾರೆ,” ಅಂದ.

ನಾನು ಅಡುಗೆಮನೆಯ ಮೇಜಿಗೆ ಹೋಗಿ ಠೀವಿಯಿಂದ ಓದತೊಡಗಿದೆ. ಹಡಗಿನ ಉದ್ದ, ಅಗಲ, ತೋಪುಗಳು, ಅದು ಬೆಂಗಾವಲಾಗಿ ಹೋದ ಸಮುದ್ರಗಳು. ಐರಿಸ್ ಆಂಟಿ ಕಣ್ಣುಮುಚ್ಚಿ, ಗಲ್ಲಕ್ಕೆ ಕೈಕೊಟ್ಟು, ಗೊತ್ತಿರುವ ಹಾಡು ಕೇಳುವವರಂತೆ ತಲೆದೂಗುತ್ತಿದ್ದರು. ಅಮ್ಮ ಬದನೆಕಾಯಿ ಹೆಚ್ಚುತ್ತಿದ್ದಳು. ಆಮೇಲೆ ಈ ಸಾಲು ಬಂತು: ಸಂಪ್ರದಾಯದಂತೆ ಹೊಸ ಹಡಗಿನ ಮೂತಿಗೆ ಶಾಂಪೇನ್ ಬಾಟಲಿ ಒಡೆದು ಅದನ್ನು ನೀರಿಗಿಳಿಸಿದವರು ಲೆಫ್ಟಿನೆಂಟರ ವಿಡೋ, ಮಿಸೆಸ್ ಡೊರಥಿ ಕ್ರ್ಯಾಂಡ್ಲಿ.

ವಿಡೋ ಅಂದರೆ ನನಗೆ ಗೊತ್ತಿದ್ದದ್ದು ಜೇಡ. ಶಾಲೆಯಲ್ಲಿ ವಿಷದ ಜೇಡಗಳ ಚಾರ್ಟಿನಲ್ಲಿ ಬ್ಲ್ಯಾಕ್ ವಿಡೋ ಎಂಬ ಹೆಸರಿತ್ತು.

“ಆಂಟಿ, ಇಲ್ಲಿ ವಿಡೋ ಅಂದ್ರೆ?”

“ಗಂಡ ಸತ್ತವಳು,” ಅಂದರು, ಕಣ್ಣು ತೆರೆಯದೆ.

“ಹಾಗಾದ್ರೆ ನೀವೇನಾ? ನೀವಾ ಬಾಟಲ್ ಒಡೆದಿದ್ದು? ನಿಮ್ಮ ಹೆಸರು ತಪ್ಪಾಗಿ ಬರೆದಿದ್ದಾರೆ.”

ಅಮ್ಮನ ಚಾಕು ನಿಂತಿತು. ಐರಿಸ್ ಆಂಟಿ ಕಣ್ಣು ತೆರೆದರು. ಆಮೇಲೆ, “ಆ ಹೆಸರನ್ನ ಇನ್ನೊಂದ್ಸಲ ಓದು, ಲವ್,” ಅಂದರು. ನಾನು ಓದಿದೆ. ಅವರು ತುಟಿಯಲ್ಲೇ ಅದನ್ನು ಹೇಳಿಕೊಂಡರು. ಚಹಾ ಹಾಗೇ ಬಿಟ್ಟು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ನಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಆ ಎರಡು ಹಾಳೆ ಹಿಡಿದುಕೊಂಡು ನಿಂತಿದ್ದೆ.

ನಮ್ಮ ಕೋಣೆಯಲ್ಲಿ ಅಮ್ಮ ಅಪ್ಪನ ಮೇಲೆ ಎರಗಿದಳು. ದನಿ ಮಾತ್ರ ತಗ್ಗಿಸಿಕೊಂಡಿದ್ದಳು.

“ನಿಮಗ್ಯಾರ್ರೀ ಹೇಳಿದ್ರು ಅದನ್ನ ತರಾಕೆ?”

“ಪೂರ್ತಿ ಓದಿರ್ಲಿಲ್ಲ ಕಣೆ. ಹಡಗಿನ ಫೋಟೋ ಇತ್ತು, ಪ್ರಿಂಟ್ ತಗೊಂಡೆ.”

“ಅರವತ್ತು ವರ್ಷದಿಂದ ಆ ಗೋಡೆ ಒರೆಸ್ಕೊಂಡ್ ಕುಂತಾರೆ ಆಯಮ್ಮ. ನೀವು ಎರಡು ಹಾಳೆ ತಂದು ಎಲ್ಲಾ ಕೆಡವಿದ್ರಿ. ಅದನ್ನೂ ಮಗು ಬಾಯಲ್ಲಿ ಹೇಳ್ಸಿದ್ರಿ.”

“ಸತ್ತವನು ಸುಳ್ಳು ಹೇಳಿದ್ರೆ ಅದಕ್ಕೆ ನಾನೇನ್ ಮಾಡ್ಲಿ?”

ಹಾಗೆ ನನಗೆ ಅರ್ಥವಾಯಿತು. ವಾಲ್‌ಗೆ ಅಲ್ಲೊಬ್ಬಳು ಹೆಂಡತಿ ಇದ್ದಳು. ಇಲ್ಲಿಯೂ ಒಬ್ಬಳನ್ನು ಮದುವೆಯಾಗುತ್ತೇನೆಂದಿದ್ದ. ನಡುವೆ ಸಮುದ್ರ ಇದ್ದದ್ದರಿಂದ ಇಬ್ಬರಿಗೂ ತಿಳಿಯಲಿಲ್ಲ. ಮುಂದಿನ ಮೂರು ದಿನ ಐರಿಸ್ ಆಂಟಿ ಅಡುಗೆಮನೆಗೆ ಬರಲಿಲ್ಲ. ಅಮ್ಮ ಗಂಜಿ ಮಾಡಿ ಅವರ ಬಾಗಿಲಲ್ಲಿಟ್ಟು ಬರುತ್ತಿದ್ದಳು, ಬಟ್ಟಲು ಖಾಲಿಯಾಗಿ ಹೊರಗೆ ಬರುತ್ತಿತ್ತು. ನಾಲ್ಕನೆಯ ದಿನ ಏನೂ ಆಗದವರಂತೆ ಬಂದು ಕೂತು, ಸತ್ತವರ ಪಟ್ಟಿ ಓದು ಅಂದರು. ಭಾನುವಾರ ಎರಡೂ ಗಾಜುಗಳನ್ನು ಎಂದಿನಂತೆ ಒರೆಸಿದರು. ಇದು ನನ್ನನ್ನು ಇನ್ನಷ್ಟು ಕಂಗೆಡಿಸಿತು. ಸುಳ್ಳು ಹೇಳಿದವನ ಫೋಟೋ ಯಾಕೆ ಒರೆಸಬೇಕು?

ಆ ಗೊಂದಲ ತನ್ನಷ್ಟಕ್ಕೇ ಮನೆಯ ಹಿಂಭಾಗಕ್ಕೂ ಬಂತು. ಮೆಲ್ಬರ್ನ್‌ಗೂ ಸಿಡ್ನಿಗೂ ನಡುವೆ ಸಮುದ್ರವಿಲ್ಲದಿದ್ದರೂ ದೂರ ಸಾಕಷ್ಟಿತ್ತು. ಅಪ್ಪ ತಾನಿರುವ ಮನೆಯ ಫೋನ್ ನಂಬರ್ ನಮಗೆ ಕೊಟ್ಟಿರಲಿಲ್ಲ. ಓನರ್‌ಗೆ ಇಷ್ಟವಾಗುವುದಿಲ್ಲ, ನಾನೇ ಮಾಡುತ್ತೇನೆ ಅನ್ನುತ್ತಿದ್ದ. ಒಂದು ಸಲ ಅಪ್ಪ ಫೋನಿನಲ್ಲಿರುವಾಗ ಹಿಂದೆ ಯಾರೋ ಕರೆದ ಸದ್ದಾಯಿತು, ಅಪ್ಪ ತಟ್ಟನೆ ಇಟ್ಟುಬಿಟ್ಟ. ಡಿಸೆಂಬರಿನ ಒಂದು ಸಂಜೆ ಅಮ್ಮ ರೊಟ್ಟಿ ಬಡಿಯುತ್ತಿದ್ದಾಗ ನಾನು ಕೇಳಿಯೇಬಿಟ್ಟೆ.

“ಅಮ್ಮ, ಅಪ್ಪಂಗೆ ಮೆಲ್ಬರ್ನ್‌ನಲ್ಲೂ ವೈಫ್ ಇದ್ದಾರಾ?”

ಅಮ್ಮ ಮೊದಲು ನಕ್ಕಳು. “ನಿಮ್ಮಪ್ಪಂಗಾ? ಒಬ್ಬಳನ್ನ ಸುಧಾರಿಸೋದೇ ಕಷ್ಟ ಅವರಿಗೆ.” ಆಮೇಲೆ ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆ ಕೇಳಿದಳು. “ಯಾರ್ ಹೇಳಿದ್ರು ನಿಂಗೆ?”

“ನೋಬಡಿ. ಬಟ್, ವಾಲ್‌ಗೆ ಇದ್ರಲ್ಲ?”

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಯಿತು, ಅಲಾರ್ಮ್ ಕಿರುಚಿತು. ಐರಿಸ್ ಆಂಟಿ ಪೊರಕೆ ಹಿಡಿದು ಬಂದರೂ ಅಮ್ಮ ಅಲ್ಲಾಡಲಿಲ್ಲ. ಆ ಪ್ರಶ್ನೆ ನನ್ನದೋ ಅಥವಾ ಅವಳ ಮನಸ್ಸಿನಲ್ಲಿ ಆಗಲೇ ಇದ್ದದ್ದನ್ನು ನಾನು ಬಾಯಿಬಿಟ್ಟು ಹೇಳಿದೆನೋ, ಈಗಲೂ ನನಗೆ ಗೊತ್ತಿಲ್ಲ.

ಜನವರಿಯ ರಜೆಯಲ್ಲಿ ಅಮ್ಮ ಅಪ್ಪನಿಗೆ ಹೇಳದೆ ರೈಲಿನ ಟಿಕೆಟ್ ಬುಕ್ ಮಾಡಿದಳು. ಬೆಳಿಗ್ಗೆ ಸಿಡ್ನಿಯಲ್ಲಿ ಹತ್ತಿ ಇಡೀ ಹಗಲು ಒಣಹುಲ್ಲಿನ ಬಯಲುಗಳನ್ನು ನೋಡುತ್ತ ಹೋದೆವು. ಕಟ್ಟಿಕೊಂಡು ಬಂದ ಚಿತ್ರಾನ್ನ ಮಧ್ಯಾಹ್ನಕ್ಕೇ ಮುಗಿಯಿತು. ಅಮ್ಮ ಕೈಯಲ್ಲಿ ಅಪ್ಪನ ವಿಳಾಸವಿದ್ದ ಸಂಬಳದ ಚೀಟಿಯ ಲಕೋಟೆ ಹಿಡಿದುಕೊಂಡಿದ್ದಳು. ಅದು ಅವಳ ಬೆವರಿಗೆ ಮೆತ್ತಗಾಗಿತ್ತು. ಅಪ್ಪನಿಗೆ ಸರ್ಪ್ರೈಸ್ ಎಂದು ಒಂದೆರಡು ಸಲ ನನಗೆ ಹೇಳಿದಳು. ಅವಳ ಮುಖ ಹಬ್ಬದ ಸಂಭ್ರಮದ ಮುಖವಾಗಿರಲಿಲ್ಲ. ಮೆಲ್ಬರ್ನ್ ಮುಟ್ಟಿದಾಗ ಸಂಜೆ ಏಳಾಗುತ್ತ ಬಂದಿದ್ದರೂ ಬಿಸಿಲು ಇಳಿದಿರಲಿಲ್ಲ. ಇನ್ನೊಂದು ರೈಲು ಹಿಡಿದು ಫುಟ್ಸ್‌ಕ್ರೇಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆವು. ಬಾಗಿಲು ತೆರೆದದ್ದು ಅದೇ ಮನೆಯಲ್ಲಿ ಒಂದು ರೂಮಿನಲ್ಲಿದ್ದ, ಟ್ಯಾಕ್ಸಿ ಓಡಿಸುವ ನಡುವಯಸ್ಸಿನ ಸರ್ದಾರ್ಜಿ.

ಅಮ್ಮ ಅಪ್ಪನ ಹೆಸರು ಹೇಳಿ, ನಾನು ಅವರ ಹೆಂಡತಿ ಎಂದು ತನ್ನ ಹರುಕು ಹಿಂದಿಯಲ್ಲಿ ತಿಳಿಸಿದಳು.

ಅವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ತುಂಬಾ ಮರ್ಯಾದೆಯಿಂದ ಹೇಳಿದರು: “ಗುರು ಭಾಯಿ? ಲೇಕಿನ್ ಭಾಭೀಜಿ, ಅವರದು ಶಾದಿ ಆಗಿಲ್ವಲ್ಲ?”

ಅಮ್ಮ ಸೂಟ್‌ಕೇಸನ್ನು ಮೆಲ್ಲಗೆ ನೆಲಕ್ಕಿಟ್ಟಳು. ನಾನು ಬೀದಿಯ ಕಡೆ ನೋಡಿದೆ. ಅಪ್ಪ ಒಂದು ಕೈಯಲ್ಲಿ ಹಾಲಿನ ಕ್ಯಾನ್, ಇನ್ನೊಂದರಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಮೂಲೆ ತಿರುಗಿ ಬರುತ್ತಿದ್ದ. ನಮ್ಮನ್ನು ಕಂಡು ಓಡಿ ಬಂದ. ಬಂದವನು ಕೇಳಿದ ಮೊದಲ ಮಾತು, “ಊರಲ್ಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?”

ಅಪ್ಪನ ರೂಮು ಒಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿಯದು. ಬೇರೆ ಹೆಂಡತಿಗೆ ಅಲ್ಲಿ ಜಾಗವೇ ಇರಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಮಂಚದ ಮೇಲೆ ಕುಣಿಯಬೇಕೆನ್ನಿಸಿತು. ಆದರೆ ಅಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಮದುವೆ ಆಗಿಲ್ಲ ಅಂತ ಹೇಳಿದ್ದೀರಂತೆ.”

“ಫ್ಯಾಮಿಲಿ ಇದೆ ಅಂದ್ರೆ ಓನರ್ ರೂಮ್ ಕೊಡಲ್ಲ ಕಣೆ. ಆಮೇಲೆ ಎಲ್ರೂ ಬಂದು ಸೇರ್ಕೋತಾರೆ ಅಂತ. ಸಿಂಗಲ್ ಬೇಕು ಅಂದ. ಹ್ಞೂಂ ಅಂದೆ. ಒಂದೇ ಒಂದು ಮಾತು.”

“ಒಂದೇ ಮಾತಲ್ಲಿ ನನ್ನನ್ನೂ ಇವಳನ್ನೂ ಅಳಿಸಿಬಿಟ್ರಲ್ಲ.”

ಅಪ್ಪ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, ಬಟ್ಟೆಗಳ ಅಡಿಯಿಂದ ಒಂದು ಫೋಟೋ ತೆಗೆದ. ನಾನು ಹುಟ್ಟಿದ ವರ್ಷ ದಾವಣಗೆರೆಯ ಸ್ಟುಡಿಯೋದಲ್ಲಿ ತೆಗೆಸಿದ ನಮ್ಮ ಮೂವರ ಫೋಟೋ. ಅದನ್ನು ಅಮ್ಮನ ತೊಡೆಯ ಮೇಲಿಟ್ಟು, “ದಿನಾ ನೋಡ್ತೀನಿ,” ಅಂದ. ಅದು ನಿಜವೇ ಇರಬೇಕು, ಅದರ ಅಂಚುಗಳು ಸವೆದಿದ್ದವು.

ಅಮ್ಮ ಫೋಟೋವನ್ನು ನೋಡಿದಳು, ಖಾಲಿ ಗೋಡೆಗಳನ್ನು ನೋಡಿದಳು. “ಹೊರಗೆ ಯಾಕಿಟ್ಟಿಲ್ಲ?” ಎಂದು ಕೇಳಿ ಅಳತೊಡಗಿದಳು. ನನಗೆ ದಿಕ್ಕು ತೋಚಲಿಲ್ಲ. ಹೆದರಿದ್ದು ಸುಳ್ಳಾಗಿತ್ತು. ಆದರೂ ಹೆದರಿದ್ದೇ ನಿಜವಾದವರಂತೆ ಅವಳು ಅಳುತ್ತಿದ್ದಳು. ಅಪ್ಪ ಅವಲಕ್ಕಿಗೆ ಒಗ್ಗರಣೆ ಹಾಕಿ ತಂದ. ಪೇಪರ್ ಹಾಸಿಕೊಂಡು ನೆಲದ ಮೇಲೆ ಕೂತು ಮೂವರೂ ತಿಂದೆವು.

ಮರುದಿನ ಬೆಳಿಗ್ಗೆ ಮನೆಯ ಓನರ್ ಬಂದ. ಅಡುಗೆಮನೆಯಲ್ಲಿ ನಮ್ಮನ್ನು ಕಂಡು ಹುಬ್ಬೇರಿಸಿದ. ಅಕ್ಕ ಅಂತಲೋ, ನೆಂಟರು ಅಂತಲೋ ಒಂದು ಮಾತು ಹೇಳಿದ್ದರೆ ಅವನು ಸುಮ್ಮನಾಗುತ್ತಿದ್ದನೇನೋ. ಅಪ್ಪ ಕೈ ಒರೆಸಿಕೊಂಡು ಎದ್ದು ನಿಂತು, ಇವಳು ನನ್ನ ಹೆಂಡತಿ, ಇವಳು ನನ್ನ ಮಗಳು, ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು ಅಂದ. ಓನರ್ ಎರಡು ವಾರದೊಳಗೆ ರೂಮ್ ಖಾಲಿ ಮಾಡಲು ಹೇಳಿ ಹೋದ. ಅಮ್ಮ ಆಗ ಅಪ್ಪನನ್ನು ನೋಡಿ ನಕ್ಕದ್ದು ನನಗೆ ನೆನಪಿದೆ. ಮನೆ ಕಳೆದುಕೊಂಡಾಗ ಯಾರಾದರೂ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಬೇರೆ ಬೇರೆ ಇರುವುದು ಬೇಡ, ಶಾಲೆ ಶುರುವಾಗುವುದರೊಳಗೆ ಎಲ್ಲರೂ ಮೆಲ್ಬರ್ನ್‌ಗೆ ಬಂದುಬಿಡೋಣ ಎಂದು ತೀರ್ಮಾನವಾಯಿತು. ಸಿಡ್ನಿಗೆ ವಾಪಸು ಬಂದ ಸಂಜೆಯೇ ಅಮ್ಮ ಅಡುಗೆಮನೆಯಲ್ಲಿ ಐರಿಸ್ ಆಂಟಿಗೆ ಈ ಕಥೆಯನ್ನೆಲ್ಲ ಹೇಳಿದಳು. ಇಂಗ್ಲಿಷ್ ಸಾಲದ ಕಡೆ ನನ್ನಿಂದ ಹೇಳಿಸಿದಳು. ಸರ್ದಾರ್ಜಿಯ ಮಾತಿಗೆ ಬಂದಾಗ ಆಂಟಿ ನಗಲು ಶುರುಮಾಡಿದವರು ಮೇಜು ಬಡಿಯುತ್ತ ನಕ್ಕರು. ನಗು ನಿಂತ ಮೇಲೆ, ತಮ್ಮಷ್ಟಕ್ಕೆ ತಾವೇ ಹೇಳಿದರು:

“ನನಗೆ ಮೊದಲೇ ಗೊತ್ತಿತ್ತು. ಅವನು ಸತ್ತ ಎರಡು ತಿಂಗಳಿಗೆ ಅವನ ಗೆಳೆಯ ಈ ಮನೆಗೆ ಬಂದಿದ್ದ. ಅದೋ, ಆ ಕುರ್ಚಿ ಮೇಲೆ ಕೂತು ಹೇಳಿದ. ಊರಲ್ಲಿ ಹೆಂಡತಿ ಇದ್ದಾಳೆ ಅಂತ.”

ಅಮ್ಮನಿಗೆ ಅರ್ಥವಾಯಿತೋ ಇಲ್ಲವೋ ಎಂದು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ನನ್ನ ಕೈ ಒತ್ತಿ ಸುಮ್ಮನಿರಿಸಿದಳು.

“ಹಾಗಾದ್ರೆ ಅವತ್ತು ಯಾಕೆ ಹೆಸರು ಇನ್ನೊಂದ್ಸಲ ಓದು ಅಂದ್ರಿ?” ಎಂದು ಕೇಳಿದೆ.

“ಗೆಳೆಯ ಅವಳ ಹೆಸರು ಹೇಳಿರ್ಲಿಲ್ಲ. ನಾನೂ ಕೇಳ್ಲಿಲ್ಲ. ಅರವತ್ತು ವರ್ಷ ನಾನು ಅವಳನ್ನ ನೆನೆಸ್ಕೊಂಡಿದ್ದು ಹೆಸರಿಲ್ಲದೆ.” ಆಮೇಲೆ, “ಡೊರಥಿ,” ಅಂದರು. ಕೋಪವಿರಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದವರ ಹೆಸರನ್ನು ರೂಢಿ ಮಾಡಿಕೊಳ್ಳುವವರಂತೆ ಹೇಳಿದರು.

ನಾವು ಮನೆ ಬಿಡುವ ಹಿಂದಿನ ವಾರ ಅವರು ನನ್ನನ್ನು ಕರೆದು ಒಂದು ಕಾಗದ ಬರೆಯಬೇಕು ಅಂದರು. ನಾವಿಕರ ಆ ಪುಟದ ಕೆಳಗೆ ಒಂದು ವಿಳಾಸವಿತ್ತು. ಅವರ ಮೂಲಕ ಡೊರಥಿಗೆ ತಲುಪಿದರೆ ತಲುಪಲಿ ಎಂದು. ಅವರು ಹೇಳುತ್ತ ಹೋದರು, ನಾನು ನನ್ನ ದುಂಡು ಅಕ್ಷರದಲ್ಲಿ ಬರೆಯುತ್ತ ಹೋದೆ. ಅದರ ಪ್ರತಿಯೊಂದು ವಾಕ್ಯವೂ ನನಗೆ ಬಾಯಿಪಾಠ.

“ಪ್ರಿಯ ಮಿಸೆಸ್ ಕ್ರ್ಯಾಂಡ್ಲಿ. ಯುದ್ಧದ ಕಾಲದಲ್ಲಿ ನಿಮ್ಮ ಯಜಮಾನರು ಹಲವು ಸಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ತಾಯಿ ಅಡುಗೆ ಮಾಡುತ್ತಿದ್ದರು. ಕೊನೆಯ ಸಲ ಬಂದಾಗ ಅವರು ಆರೋಗ್ಯವಾಗಿದ್ದರು. ಮಾಂಸವನ್ನು ಎರಡು ಸಲ ಹಾಕಿಸಿಕೊಂಡರು. ನಮ್ಮ ನಾಯಿಯೊಂದಿಗೆ ಹಿತ್ತಿಲಲ್ಲಿ ಆಡಿದರು. ಸಂತೋಷವಾಗಿದ್ದರು. ಇದು ನಿಮಗೆ ತಿಳಿದಿದ್ದರೆ ಒಳ್ಳೆಯದು ಅನ್ನಿಸಿತು.”

ಅಷ್ಟೇ. ನಾನು ಪೆನ್ನು ಎತ್ತಿ ಕಾದೆ.

“ನಿಮ್ಮನ್ನ ಮ್ಯಾರಿ ಆಗ್ತೀನಿ ಅಂದಿದ್ರಲ್ಲ, ಅದು?”

“ಅದು ಬೇಡ.”

“ಬಟ್ ದಟ್ಸ್ ಎ ಲೈ.”

“ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಲವ್. ಅವನು ಎರಡು ಸಲ ಹಾಕಿಸ್ಕೊಂಡಿದ್ದು ನಿಜ.”

ನಾನು ಅಮ್ಮನ ಕಡೆ ನೋಡಿದೆ. ಅಪ್ಪನ ಒಂದು ಮಾತಿಗಾಗಿ ಅಷ್ಟು ಅತ್ತಿದ್ದವಳು, ಹೇಳದೆ ಬಿಟ್ಟದ್ದೂ ಸುಳ್ಳೇ ಎಂದು ವಾಪಸು ಬರುವಾಗ ರೈಲಿನಲ್ಲಿ ನನಗೆ ಬುದ್ಧಿ ಹೇಳಿದ್ದವಳು, ಈಗ ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, “ಅವರು ಹೇಳಿದಂಗೆ ಬರಿ ಪುಟ್ಟಿ. ಒಂದಕ್ಷರನೂ ಸೇರಿಸ್ಬೇಡ,” ಅಂದಳು. ದೊಡ್ಡವರಿಗೆ ಸುಳ್ಳು ಯಾವುದು, ನಿಜ ಯಾವುದು ಎಂಬ ಲೆಕ್ಕ ದಿನಕ್ಕೊಂದು ಥರ ಇರುತ್ತದೆ ಎಂದು ನನಗೆ ಸಿಟ್ಟು ಬಂತು. ಐರಿಸ್ ಆಂಟಿ ಕಾಗದವನ್ನು ಓರೆಗಣ್ಣಿನ ಹತ್ತಿರ ಹಿಡಿದು, ಜಾಗ ತಡವಿಕೊಂಡು, ತಮ್ಮ ಪೂರ್ತಿ ಹೆಸರನ್ನು ಸಹಿ ಮಾಡಿದರು.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ನಮಗೆ ಸಿಕ್ಕ ಫ್ಲಾಟು ಚಿಕ್ಕದು, ಆದರೆ ಒಲೆಯ ನಾಲ್ಕೂ ಉರಿಗಳು ನಮ್ಮವೇ. ಅಮ್ಮನಿಗೆ ಬಹಳ ದಿನ ಬಲಗಡೆಯ ಎರಡನ್ನು ಹೊತ್ತಿಸಲು ಕೈ ಬರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಐರಿಸ್ ಆಂಟಿಗೆ ಫೋನ್ ಮಾಡುತ್ತಿದ್ದೆ. ನಮ್ಮ ಕೋಣೆಗಳಿಗೆ ಒಬ್ಬ ನರ್ಸ್ ಬಾಡಿಗೆಗೆ ಬಂದಿದ್ದಾಳೆ, ತುಂಬಾ ನಿಶ್ಶಬ್ದದವಳು, ಮನೆ ಸತ್ತಂತಿದೆ ಎಂದು ದೂರುತ್ತಿದ್ದರು. ಜೂನ್ ತಿಂಗಳ ಚಳಿಯಲ್ಲಿ ಅವರಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಇನ್ನೊಂದು ಲಕೋಟೆ, ಅಮೆರಿಕದ ಅಂಚೆಚೀಟಿಯದು, ಬಿಚ್ಚಿರಲಿಲ್ಲ. ನರ್ಸ್ ಓದಿ ಹೇಳುತ್ತೇನೆ ಅಂದಳಂತೆ, ಆಂಟಿ ಕೊಟ್ಟಿರಲಿಲ್ಲ. ನಾನೇ ಓದಬೇಕಿತ್ತು.

ಆ ಭಾನುವಾರ ಅಪ್ಪ ಹಾಲು ತರಲು ಹೋಗಿದ್ದ. ಅಮ್ಮ ಕುಕ್ಕರ್ ಇಟ್ಟಿದ್ದಳು. ನಾನು ಫೋನ್ ಹಚ್ಚಿ, ಆಂಟಿ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿದ ಮೇಲೆ ಲಕೋಟೆ ಬಿಚ್ಚಿದೆ. ನಡುಗುವ ಕೈಯ, ಓರೆ ಅಕ್ಷರದ ಒಂದೇ ಹಾಳೆ. ಓದತೊಡಗಿದೆ.

“ಪ್ರಿಯ ಐರಿಸ್. ನಿಮ್ಮ ಕಾಗದವನ್ನು ಮೂರು ಸಲ ಓದಿಕೊಂಡೆ. ಅವರು ಕೊನೆಯಲ್ಲಿ ಚೆನ್ನಾಗಿ ಊಟ ಮಾಡಿದ್ದರು ಎಂದು ತಿಳಿಸಿದವರು ಇಷ್ಟು ವರ್ಷಗಳಲ್ಲಿ ನೀವೊಬ್ಬರೇ. ನೌಕಾಪಡೆಯವರು ನನಗೆ ಒಂದು ಹಡಗನ್ನು ಕೊಟ್ಟರು, ಇದನ್ನು ಕೊಟ್ಟಿರಲಿಲ್ಲ. ವಾಲ್ಟರ್ ಸಿಡ್ನಿಯಿಂದ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ನಿಮ್ಮ ಮನೆಯ ಬಗ್ಗೆ ಬರೆದಿದ್ದರು. ನಿಮ್ಮ ತಾಯಿಯ ಅಡುಗೆಯ ಬಗ್ಗೆ, ಹಿತ್ತಿಲ ನಿಂಬೆಗಿಡದ ಬಗ್ಗೆ, ನಾಯಿಯ ಬಗ್ಗೆಯೂ ಬರೆದಿದ್ದರು.”

ಮುಂದಿನ ಸಾಲು ನನ್ನ ಕಣ್ಣಿಗೆ ಬಿತ್ತು, ಬಾಯಿ ನಿಂತಿತು. ನನಗಾಗ ಹತ್ತು ತುಂಬಿತ್ತು. ಕೆಲವು ಸಾಲುಗಳನ್ನು ಓದದೆ ದಾಟಿಬಿಡಬಹುದು ಎಂದು ಆ ಹೊತ್ತಿಗೆ ಕಲಿತಿದ್ದೆ. ಆಂಟಿಗೆ ಕಾಣುತ್ತಿರಲಿಲ್ಲ, ಹಾಳೆ ನನ್ನ ಕೈಯಲ್ಲಿತ್ತು.

“ಹೇಳು, ಲವ್. ಇನ್ನೂ ಇದೆ ಅಲ್ವಾ?” ಅಂದರು.

ಓದಿಬಿಟ್ಟೆ. “ಆ ಮನೆಯಲ್ಲಿ ಒಬ್ಬಳು ಮಗಳಿದ್ದಾಳೆ ಎಂದು ಮಾತ್ರ ಒಂದು ಸಲವೂ ಬರೆಯಲಿಲ್ಲ. ನೀವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಡೊರಥಿ.”

ಆ ಕಡೆಯಿಂದ ಒಂದು ಸದ್ದು ಬಂತು. ತಡೆದು ತಡೆದು, ಉಸಿರಿಗೆ ಸಿಕ್ಕಿಹಾಕಿಕೊಂಡಂಥ ಸದ್ದು. ಸರ್ದಾರ್ಜಿಯ ಮಾತಿಗೆ ಮೇಜು ಬಡಿದು ನಕ್ಕಾಗ ಕೊನೆಯಲ್ಲಿ ಬಂದಿದ್ದೂ ಅಂಥದೇ ಸದ್ದು. ಡೊರಥಿಗೆ ಎಲ್ಲಾ ಗೊತ್ತಾಗಿತ್ತೇ? ವಾಲ್ ಬರೆಯದೆ ಬಿಟ್ಟದ್ದು ಐರಿಸ್ ಆಂಟಿ ಅವನಿಗೆ ಏನೂ ಅಲ್ಲವೆಂದೋ, ಎಲ್ಲವೂ ಅವರೇ ಎಂದೋ? ನಾನು ಅವರಿಗೆ ಕೊಟ್ಟದ್ದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ? ಅವರು ಅದಾದ ಎರಡು ವರ್ಷಕ್ಕೆ ತೀರಿಕೊಂಡರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಏನಂತೆ?” ಎಂದು ಕೇಳಿದಳು.

“ನಗ್ತಿದ್ದಾರೆ ಅನ್ಸತ್ತೆ,” ಅಂದೆ. “ಐ ಡೋಂಟ್ ನೋ, ಅಮ್ಮ.”

ಅಮ್ಮ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಸ್ವಲ್ಪ ಹೊತ್ತು ಕೇಳಿದಳು. ಹಲೋ ಅನ್ನಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಕುಕ್ಕರ್ ಮೂರನೆಯ ಸಲ ಕೂಗಿದಾಗ, ಹೋಗಿ ಒಲೆ ಆರಿಸು ಎಂದು ನನಗೆ ಕೈಸನ್ನೆ ಮಾಡಿದಳು. ಆರಿಸಿ ಬಂದೆ. ಅಪ್ಪ ಹಾಲು ತಂದ. ಅವಳು ಇನ್ನೂ ಹಾಗೇ ಕೂತಿದ್ದಳು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.